ಮಿಲಿಮೀಟರ್ ತರಂಗಗಳ ಅಳತೆಯಲ್ಲಿ ಟರ್ಮಿನೇಷನ್‌ನ ಪಾತ್ರ

ತಿರುವನಂತಪುರದ ಸಮೀಪದ ತುಂಬಾ ಎಂಬ ಕಡಲತೀರದ ಗ್ರಾಮದಿಂದ 1963ರ ನವೆಂಬರ್ 21ರಂದು ಭಾರತದ ನೆಲದಿಂದ ಹಾರಿದ ಮೊದಲ ಶೋಧಕ ರಾಕೆಟ್ ಗಗನಕ್ಕೇರಿತು. ಅಲ್ಲಿನ ವಿಕ್ರಮ್ ಸಾರಾಭಾಯ್ ಬಾಹ್ಯಾಕಾಶ ಕೇಂದ್ರದ ವಿಜ್ಞಾನಿಗಳು ಮುಂದೆ ರಾಕೆಟ್ಟಿನ ನೆರವಿಲ್ಲದೆ, ನೆಲದ ಮೇಲಿರಿಸಿದ ರೇಡಿಯೋಮೀಟರಿನಿಂದಲೂ ವಾಯುಮಂಡಲದ ಉಷ್ಣತೆಯನ್ನು ಅಳೆದಿದ್ದಾರೆ. ಗಾಳಿಯಲ್ಲಿರುವ ಆಮ್ಲಜನಕವು 60 ಗಿಗಾಹರ್ಟ್ಸ್ ಆಸುಪಾಸಿನಲ್ಲಿ, ಎಂದರೆ ಸುಮಾರು 5 ಮಿ.ಮೀ. ಉದ್ದದ ಅಲೆಗಳಲ್ಲಿ, ಹೊರಸೂಸುವ ಕ್ಷೀಣ ವಿಕಿರಣವೇ ಇದಕ್ಕೆ ಆಧಾರ. ಇಂತಹ ಉಪಕರಣವು ತೋರಿಸುವ ಅಂಕಿಗಳನ್ನು ನಂಬುವುದು ಹೇಗೆ? ಉತ್ತರವು ಒಂದು ಪುಟ್ಟ ಬಿಡಿಭಾಗದಲ್ಲಿದೆ.

ಟರ್ಮಿನೇಷನ್ ಎಂದರೇನು?

ಮಿಲಿಮೀಟರ್ ತರಂಗಗಳನ್ನು ವೇವ್‌ಗೈಡ್ ಎಂಬ ಆಯತಾಕಾರದ ಲೋಹದ ಕೊಳವೆಯಲ್ಲಿ ಸಾಗಿಸಲಾಗುತ್ತದೆ. 50ರಿಂದ 75 ಗಿಗಾಹರ್ಟ್ಸ್‌ವರೆಗಿನ ಕೊಳವೆಯ ಒಳ ಅಗಲ 3.76 ಮಿ.ಮೀ., ಎತ್ತರ 1.88 ಮಿ.ಮೀ. ಮಾತ್ರ. ಕೊಳವೆಯ ತುದಿಯನ್ನು ಲೋಹದ ತಗಡಿನಿಂದ ಮುಚ್ಚಿದರೆ ತರಂಗವು ಹಿಂದಿರುಗಿ ಅಳತೆಯನ್ನು ಕೆಡಿಸುತ್ತದೆ. ಕಡಲ ಅಲೆಯು ಕಲ್ಲಿನ ತಡೆಗೋಡೆಗೆ ಬಡಿದು ಮರಳುತ್ತದೆ. ಇಳಿಜಾರಾದ ಮರಳದಂಡೆಯ ಮೇಲಾದರೋ ಮೆಲ್ಲನೆ ಹರಡಿ ಅಡಗುತ್ತದೆ. ಟರ್ಮಿನೇಷನ್ ಇಂತಹ ಮರಳದಂಡೆಯಿದ್ದಂತೆ. ಅದರೊಳಗೆ ತರಂಗವನ್ನು ಹೀರುವ ವಸ್ತುವಿನ ಚೂಪಾದ ಬೆಣೆಯಿರುತ್ತದೆ. ಬೆಣೆಯು ಕ್ರಮೇಣ ದಪ್ಪವಾಗುವುದರಿಂದ ತರಂಗಕ್ಕೆ ಹಠಾತ್ ತಡೆಯೊದಗದೆ, ಅದರ ಶಕ್ತಿಯು ಶಾಖವಾಗಿ ಪರಿವರ್ತನೆಗೊಳ್ಳುತ್ತದೆ. ಪ್ರಯೋಗಾಲಯದ ಸಂಕೇತಗಳು ದುರ್ಬಲವಾಗಿರುವುದರಿಂದ, ಶಾಖವನ್ನು ಹೊರಹಾಕಲು ವಿಶೇಷ ವ್ಯವಸ್ಥೆ ಬೇಕಾಗುವುದಿಲ್ಲ.

ಮಾಪನಾಂಕ ನಿರ್ಣಯ

ಪ್ರತಿಫಲನವನ್ನು ಅಳೆಯುವ ಉಪಕರಣಕ್ಕೆ ಮೊದಲು ಪೂರ್ಣ ಪ್ರತಿಫಲನ ಯಾವುದು, ಶೂನ್ಯ ಪ್ರತಿಫಲನ ಯಾವುದು ಎಂಬುದನ್ನು ತಿಳಿಸಿಕೊಡಬೇಕು. ಮುಚ್ಚಿದ ತುದಿ ಮೊದಲನೆಯದನ್ನೂ, ಟರ್ಮಿನೇಷನ್ ಎರಡನೆಯದನ್ನೂ ತಿಳಿಸುತ್ತವೆ. ಆದರೆ ಸಂಪೂರ್ಣ ದೋಷರಹಿತವಾದ ಟರ್ಮಿನೇಷನ್ ಇಲ್ಲ. ಆದ್ದರಿಂದ ಬೆಣೆಯನ್ನು ಕೊಳವೆಯೊಳಗೆ ಹಿಂದೆ ಮುಂದೆ ಸರಿಸಬಲ್ಲ ಮಾದರಿಗಳನ್ನು ಬಳಸುವುದುಂಟು. 60 ಗಿಗಾಹರ್ಟ್ಸ್‌ನಲ್ಲಿ ಸುಮಾರು 3.3 ಮಿ.ಮೀ. ಸರಿಸಿದರೆ ಬೆಣೆಯ ಅಲ್ಪ ಪ್ರತಿಫಲನವು ಉಪಕರಣದ ನಕ್ಷೆಯಲ್ಲಿ ಒಂದು ಪೂರ್ಣ ವೃತ್ತವನ್ನು ಬರೆಯುತ್ತದೆ. ಆ ವೃತ್ತದ ಕೇಂದ್ರವೇ ನಿಜವಾದ ಶೂನ್ಯ. ಹೀಗೆ ಬೆಣೆಯ ದೋಷವನ್ನು ಉಪಕರಣದ ದೋಷದಿಂದ ಬೇರ್ಪಡಿಸಬಹುದು.

ಉಷ್ಣತೆಯ ಅಳತೆಗೋಲು

ಚೆನ್ನಾಗಿ ಹೀರುವ ವಸ್ತುವು ಚೆನ್ನಾಗಿ ಹೊರಸೂಸಲೂ ಬಲ್ಲದು. ಆದಕಾರಣ ಉಷ್ಣತೆ ತಿಳಿದಿರುವ ಟರ್ಮಿನೇಷನ್ ಒಂದು ಅಳತೆಗೋಲೂ ಆಗುತ್ತದೆ. ರೇಡಿಯೋಮೀಟರಿನ ಮುಂದೆ ಇದೇ ತತ್ತ್ವದ ದೊಡ್ಡ ಹೀರುಫಲಕಗಳನ್ನು ಇರಿಸುತ್ತಾರೆ: ಒಂದು ಸುಮಾರು 300 ಕೆಲ್ವಿನ್‌ನ ಕೋಣೆಯ ಉಷ್ಣತೆಯಲ್ಲಿ, ಇನ್ನೊಂದು ಸುಮಾರು 77 ಕೆಲ್ವಿನ್‌ನ ದ್ರವ ಸಾರಜನಕದಲ್ಲಿ. ಈ ಎರಡು ಗುರುತುಗಳ ಆಧಾರದ ಮೇಲೆ ಆಕಾಶದ ಉಷ್ಣತೆಯನ್ನು ನಿರ್ಧರಿಸಲಾಗುತ್ತದೆ.

ತಣ್ಣನೆಯ ಗುರುತಿನಲ್ಲಿ ಶೇಕಡಾ 1ರಷ್ಟು ಪ್ರತಿಫಲನವಿದ್ದರೂ ಸುತ್ತಲಿನ ಶಾಖವು ಅದರೊಡನೆ ಬೆರೆತು, 77ರ ಬದಲು ಸುಮಾರು 79 ಕೆಲ್ವಿನ್ ಆಗುತ್ತದೆ. ಗುಡುಗು ಮಳೆಗೆ ಮುನ್ನ ವಾಯುಮಂಡಲದ ಪದರಗಳಲ್ಲಿ ಉಂಟಾಗುವ ವ್ಯತ್ಯಾಸಗಳೂ ಹಲವೊಮ್ಮೆ ಕೆಲವೇ ಡಿಗ್ರಿಗಳಷ್ಟಿರುತ್ತವೆ. ಕಡಲಿಗಿಳಿಯುವ ಮೀನುಗಾರನಿಗೆ ಸಿಗುವ ಮುನ್ಸೂಚನೆಯ ಹಿಂದೆ ಇಂತಹ ಅನೇಕ ಅಳತೆಗಳಿರುತ್ತವೆ. ತರಂಗವನ್ನು ಮರಳಿಸದೆ ಹೀರಿಕೊಳ್ಳುವ ಈ ಪುಟ್ಟ ಸಾಧನದ ಮಹತ್ವವನ್ನು ಇದರಿಂದ ಅರಿಯಬಹುದು.