ಯಂತ್ರ ಕಸೂತಿ: ಕನ್ನಡ ಅಕ್ಷರಗಳಿಂದ ಮೊದಲ ಪಾಠ

ಹೊಲಿಗೆ ಯಂತ್ರವು ಗಡಿನಾಡಿನ ಅನೇಕ ಮನೆಗಳಲ್ಲಿ ಹಳೆಯ ವಸ್ತುವೇ ಆಗಿದೆ. ಹರಿದ ಅಂಗಿಯನ್ನು ಹೊಲಿಯಲು, ರವಿಕೆಯ ಅಂಚನ್ನು ಮಡಿಸಲು ಅದು ಬಳಕೆಯಾಗುತ್ತದೆ. ಅದೇ ಯಂತ್ರದಿಂದ ಬಟ್ಟೆಯ ಮೇಲೆ ಹೂವು, ಬಳ್ಳಿ, ಅಕ್ಷರಗಳನ್ನು ಬಿಡಿಸಬಹುದೆಂಬುದು ಮಾತ್ರ ಎಲ್ಲರಿಗೂ ತಿಳಿದಿರುವುದಿಲ್ಲ. ಕಾರ್ಯಾನುಭವ ಅಥವಾ ವೃತ್ತಿ ಪರಿಚಯದ ಅವಧಿಗಳಲ್ಲಿ ಈ ಕೌಶಲವನ್ನು ಹವ್ಯಾಸವಾಗಿ ಪರಿಚಯಿಸಲು ಬಯಸುವ ಶಿಕ್ಷಕರಿಗೆ ನೆರವಾಗುವುದು ಈ ಪಾಠದ ಉದ್ದೇಶ. ಇದರೊಡನೆ ಮತ್ತೊಂದು ಉದ್ದೇಶವೂ ಸೇರಿದೆ. ಎಂಬ್ರಾಯಿಡರಿ ಅಂಗಡಿಗಳ ಮಾದರಿ ಪುಸ್ತಕಗಳಲ್ಲಿಯೂ ಗಣಕ ಚಾಲಿತ ಯಂತ್ರಗಳಲ್ಲಿಯೂ ಸಿದ್ಧವಾಗಿ ದೊರೆಯುವ ಅಕ್ಷರಗಳು ಸಾಮಾನ್ಯವಾಗಿ ಇಂಗ್ಲಿಷಿನವು. ಕನ್ನಡದ ಮಗು ತನ್ನ ಹೆಸರನ್ನು ಬಟ್ಟೆಯ ಮೇಲೆ ಕನ್ನಡದಲ್ಲಿಯೇ ಕಾಣಬೇಕಾದರೆ ಅದನ್ನು ಬರೆದುಕೊಡುವ ಕೈ ಬೇಕು. ಆ ಕೈಯನ್ನು ಶಾಲೆಯಲ್ಲಿಯೇ ಪಳಗಿಸಬಹುದು.

ಹೆಸರಿನ ವಿಚಾರ

‘ಕಸೂತಿ’ ಎಂಬ ಮಾತನ್ನು ಇಂದು ಬಟ್ಟೆಯ ಮೇಲಿನ ಎಲ್ಲ ಸೂಜಿಚಿತ್ರಗಳಿಗೂ ಬಳಸುವುದುಂಟು. ಆದರೆ ಧಾರವಾಡ ಸೀಮೆಯ ಕಸೂತಿಯು ತನ್ನದೇ ಆದ ನಿಯಮಗಳುಳ್ಳ ಕೈಕಲೆ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳು ಅದರ ಆಧಾರ. ಬಟ್ಟೆಯ ಎಳೆಗಳನ್ನು ಎಣಿಸುತ್ತ, ಗಂಟು ಹಾಕದೆ, ಗೋಪುರ, ರಥ, ತುಳಸಿಕಟ್ಟೆ, ಅಂಬಾರಿಯ ಆನೆ ಮೊದಲಾದ ಚಿತ್ತಾರಗಳನ್ನು ಇಳಕಲ್ ಸೀರೆಯ ಮೇಲೆ ಮೂಡಿಸುವುದು ಅದರ ಕ್ರಮ. ಗವಂತಿ ಮತ್ತು ಮುರ್ಗಿ ಹೊಲಿಗೆಗಳು ಬಟ್ಟೆಯ ಎರಡು ಮಗ್ಗುಲಲ್ಲಿಯೂ ಒಂದೇ ರೀತಿ ಕಾಣುತ್ತವೆ. ನೀಲಗಿರಿಯ ತೋಡರ ಕಸೂತಿಯೂ ಎಳೆ ಎಣಿಸುವ ಕಲೆಯೇ. ಬಿಳಿಯ ದಪ್ಪ ಬಟ್ಟೆಯ ಮೇಲೆ ಕೆಂಪು, ಕಪ್ಪು ನೂಲಿನಿಂದ ಅದು ಮೂಡುತ್ತದೆ. ಇವೆರಡಕ್ಕೂ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ.

ಈ ಪಾಠದಲ್ಲಿ ‘ಯಂತ್ರ ಕಸೂತಿ’ ಎಂಬುದನ್ನು ವಿಶಾಲವಾದ ಅರ್ಥದಲ್ಲಿ ಮಾತ್ರ ಬಳಸಲಾಗಿದೆ. ಯಂತ್ರದ ಕೆಲಸವು ಕೈಕಸೂತಿಗೆ ಬದಲಿಯಲ್ಲ. ಅದನ್ನು ಕೈಕಸೂತಿಯೆಂದು ಹೇಳಿ ಮಾರುವುದು ಸುಳ್ಳಾಗುತ್ತದೆ. ಶಾಲೆಯ ಪ್ರದರ್ಶನದಲ್ಲಿಟ್ಟ ಪ್ರತಿಯೊಂದು ವಸ್ತುವಿನ ಕೆಳಗೆ ‘ಕೈಹೊಲಿಗೆ’ ಅಥವಾ ‘ಯಂತ್ರದ ಹೊಲಿಗೆ’ ಎಂದು ಬರೆಯುವ ಅಭ್ಯಾಸವನ್ನು ಮೊದಲ ದಿನದಿಂದಲೇ ಮಾಡಿಸುವುದು ಉಚಿತ.

ಗಡಿನಾಡಿನ ತರಗತಿಯಲ್ಲಿ ಪದಗಳ ಪರಿಚಯವೂ ಸೊಗಸಾದ ಚಟುವಟಿಕೆಯಾಗಬಲ್ಲದು. ಕನ್ನಡದ ಸೂಜಿ ತಮಿಳಿನಲ್ಲಿ ಊಸಿ, ಮಲಯಾಳದಲ್ಲಿ ಸೂಚಿ, ತೆಲುಗಿನಲ್ಲಿ ಸೂದಿ, ಮರಾಠಿಯಲ್ಲಿ ಸುಈ. ಕನ್ನಡದ ದಾರ ತೆಲುಗಿನಲ್ಲಿ ದಾರಂ, ಮರಾಠಿಯಲ್ಲಿ ದೋರಾ. ಕನ್ನಡದ ನೂಲು ತಮಿಳು, ಮಲಯಾಳಗಳಲ್ಲಿ ನೂಲ್. ಮಕ್ಕಳು ಬೀದಿಯಲ್ಲಿ ಕೇಳಿದ ಪದವನ್ನು ತಪ್ಪೆಂದು ತಳ್ಳದೆ, ಅದರ ಪಕ್ಕದಲ್ಲಿ ಕನ್ನಡ ಪದವನ್ನಿರಿಸಿ ಕರಿಹಲಗೆಯ ಮೇಲೆ ಬರೆಸಿದರೆ ಭಾಷಾಪಾಠವೂ ಕೈಕೆಲಸವೂ ಒಟ್ಟಿಗೆ ನಡೆಯುತ್ತವೆ.

ಯಂತ್ರವು ಹೊಲಿಯುವ ಬಗೆ

ಕೈಸೂಜಿಯ ಕಣ್ಣು ಹಿಂತುದಿಯಲ್ಲಿರುತ್ತದೆ. ಯಂತ್ರದ ಸೂಜಿಯ ಕಣ್ಣು ಮೊನೆಯ ಬಳಿಯಲ್ಲಿರುತ್ತದೆ. ಕೈಹೊಲಿಗೆಗೆ ಒಂದೇ ದಾರ ಸಾಕು. ಯಂತ್ರಕ್ಕೆ ಮೇಲಿನದೊಂದು, ಬಾಬಿನ್ನಿನದೊಂದು, ಹೀಗೆ ಎರಡು ದಾರಗಳು ಬೇಕು. ಸೂಜಿಯು ಮೇಲಿನ ದಾರವನ್ನು ಬಟ್ಟೆಯ ಕೆಳಕ್ಕೆ ಒಯ್ಯುತ್ತದೆ. ಅಲ್ಲಿ ಉಂಟಾದ ಕುಣಿಕೆಯನ್ನು ಶಟಲ್ ಹಿಡಿದು ಬಾಬಿನ್ನಿನ ದಾರದ ಸುತ್ತ ಹಾಯಿಸುತ್ತದೆ. ಎರಡು ದಾರಗಳೂ ಬಟ್ಟೆಯ ದಪ್ಪದ ನಡುವೆ ಪರಸ್ಪರ ಕೊಂಡಿಯಾಗುತ್ತವೆ. ಅಮೆರಿಕದ ಎಲಿಯಾಸ್ ಹೋ 1846ರಲ್ಲಿ ಹಕ್ಕುಪತ್ರ ಪಡೆದ ಯಂತ್ರವು ಈ ತತ್ತ್ವದಿಂದಲೇ ಕೆಲಸ ಮಾಡುತ್ತಿತ್ತು.

ಕಸೂತಿಗೆಂದೇ ಯಂತ್ರವನ್ನು ರೂಪಿಸುವ ಯತ್ನ ಅದಕ್ಕಿಂತಲೂ ಹಳೆಯದು. 1828ರಲ್ಲಿ ಫ್ರಾನ್ಸಿನ ಮುಲೂಸ್ ನಗರದ ಜೋಶುವಾ ಹೈಲ್ಮನ್ ಕೈಯಿಂದ ನಡೆಸುವ ಕಸೂತಿ ಯಂತ್ರವನ್ನು ನಿರ್ಮಿಸಿದನು. 1863ರಲ್ಲಿ ಸ್ವಿಟ್ಜರ್ಲೆಂಡಿನ ಈಸಾಕ್ ಗ್ರೋಬ್ಲಿ ಎರಡು ದಾರಗಳ ತತ್ತ್ವವನ್ನು ಕಸೂತಿಗೆ ಅಳವಡಿಸಿ ‘ಶಿಫ್ಲಿ’ ಎಂಬ ಯಂತ್ರವನ್ನು ರೂಪಿಸಿದನು. ಅಲ್ಲಿನ ಆಡುಮಾತಿನಲ್ಲಿ ಶಿಫ್ಲಿ ಎಂದರೆ ಪುಟ್ಟ ದೋಣಿ. ದೋಣಿಯಾಕಾರದ ಲಾಳಿಯಿಂದಾಗಿ ಆ ಹೆಸರು ಬಂದಿತು. ನೇಕಾರ ಮನೆತನಗಳಿಂದ ಬಂದ ಸೊಲ್ಲಾಪುರ, ಅಕ್ಕಲಕೋಟೆಗಳ ಮಕ್ಕಳಿಗೆ ಮಗ್ಗದ ಲಾಳಿಯನ್ನು ನೆನಪಿಸಿದರೆ ಈ ಸಂಗತಿ ಕೂಡಲೇ ಮನದಟ್ಟಾಗುತ್ತದೆ.

ಬೇಕಾಗುವ ಸಾಮಗ್ರಿ

ಹವ್ಯಾಸವನ್ನು ಆರಂಭಿಸಲು ಬೆಲೆಬಾಳುವ ಗಣಕ ಚಾಲಿತ ಯಂತ್ರ ಬೇಕಿಲ್ಲ. ಕಾಲಿನಿಂದ ತುಳಿಯುವ ಸಾಮಾನ್ಯ ಹೊಲಿಗೆ ಯಂತ್ರವೇ ಸಾಕು. ಎರಡು ಕೈಗಳೂ ರಿಂಗನ್ನು ಹಿಡಿಯಲು ಬಿಡುವಾಗಿರಬೇಕಾದುದರಿಂದ ಕೈಯಿಂದ ತಿರುಗಿಸುವ ಯಂತ್ರ ಇದಕ್ಕೆ ಒದಗದು. ಉಳಿದ ಸಾಮಗ್ರಿ ಹೀಗಿದೆ:

1. 15ರಿಂದ 18 ಸೆಂಟಿಮೀಟರ್ ಅಗಲದ ಎಂಬ್ರಾಯಿಡರಿ ರಿಂಗ್. ಸೂಜಿಯ ಕೆಳಗೆ ಹಾಯುವಂತೆ ಅದರ ಅಂಚು ತೆಳ್ಳಗಿರಬೇಕು. ಒಳಬಳೆಗೆ ಹತ್ತಿಯ ಪಟ್ಟಿಯನ್ನು ಸುತ್ತಿದರೆ ಬಟ್ಟೆ ಜಾರುವುದಿಲ್ಲ.
2. 11ನೆಯ ಸಂಖ್ಯೆಯ ಸೂಜಿಗಳು. ದಪ್ಪ ಬಟ್ಟೆಗೆ 14ನೆಯ ಸಂಖ್ಯೆ.
3. ಒಮ್ಮೆ ತೊಳೆದು ಇಸ್ತ್ರಿ ಮಾಡಿದ ಕೋರಾ ಬಟ್ಟೆ ಅಥವಾ ಪಾಪ್ಲಿನ್. ಹಿಗ್ಗುವ ಬಟ್ಟೆಯೂ ಜಾರುವ ರೇಷ್ಮೆಯೂ ಆರಂಭಕ್ಕೆ ಸಲ್ಲವು.
4. ಮೇಲಿನ ದಾರಕ್ಕೆ ಎಂಬ್ರಾಯಿಡರಿ ದಾರ, ಬಾಬಿನ್ನಿಗೆ ತೆಳುವಾದ ಹೊಲಿಗೆ ದಾರ.
5. ಬಟ್ಟೆಯ ಹಿಂದೆ ಇರಿಸಲು ದರ್ಜಿಗಳು ಬಳಸುವ ತೆಳು ಪೇಪರ್ ಕ್ಯಾನ್ವಾಸ್. ಅಚ್ಚಾದ ಸುದ್ದಿಪತ್ರಿಕೆಯ ಮಸಿ ಬಟ್ಟೆಗೆ ಹತ್ತುವುದರಿಂದ ಅದನ್ನು ಬಳಸಬಾರದು.

ಯಂತ್ರವನ್ನು ಸಿದ್ಧಗೊಳಿಸುವ ಕ್ರಮ

ಸಾಮಾನ್ಯ ಹೊಲಿಗೆಯಲ್ಲಿ ಸೂಜಿಯ ಕೆಳಗಿನ ಹಲ್ಲುಗಳು ಬಟ್ಟೆಯನ್ನು ಹಿಂದಕ್ಕೆ ಸರಿಸುತ್ತವೆ. ಕಸೂತಿಯಲ್ಲಿ ಆ ಕೆಲಸ ಕೈಗಳದು. ಆದುದರಿಂದ ಹಲ್ಲುಗಳನ್ನು ಕೆಳಕ್ಕಿಳಿಸಬೇಕು. ಇಳಿಸುವ ಏರ್ಪಾಡಿಲ್ಲದ ಯಂತ್ರಗಳಲ್ಲಿ ಅವುಗಳ ಮೇಲೆ ಎಂಬ್ರಾಯಿಡರಿ ಪ್ಲೇಟನ್ನು ಮುಚ್ಚಬೇಕು. ಹೊಲಿಗೆಯ ಉದ್ದವನ್ನು ಸೊನ್ನೆಗೆ ತಂದು, ಬಟ್ಟೆಯನ್ನು ಒತ್ತುವ ಪಾದವನ್ನು ಕಳಚಿ, ಎಂಬ್ರಾಯಿಡರಿಗೆಂದೇ ಇರುವ ಪಾದವನ್ನು ಜೋಡಿಸಬೇಕು. ಮೇಲಿನ ದಾರದ ಬಿಗಿಯನ್ನು ಸ್ವಲ್ಪ ಸಡಿಲಿಸಿದರೆ ಬಾಬಿನ್ನಿನ ದಾರವು ಮೇಲ್ಮೈಯಲ್ಲಿ ಇಣುಕುವುದಿಲ್ಲ.

ರಿಂಗಿಗೆ ಬಟ್ಟೆ ಹಾಕುವ ಕ್ರಮ ಕೈಕೆಲಸಕ್ಕೆ ತಿರುವುಮುರುವು. ಹೊರಬಳೆಯನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಬಟ್ಟೆಯನ್ನು ಮುಖ ಮೇಲಾಗಿ ಹರಡಿ, ಒಳಬಳೆಯನ್ನು ಮೇಲಿನಿಂದ ಒತ್ತಬೇಕು. ಆಗ ಬಟ್ಟೆ ತಳಕ್ಕೆ ಅಂಟಿಕೊಂಡು ಯಂತ್ರದ ಮೇಲೆ ಸಮನಾಗಿ ಕೂರುತ್ತದೆ. ಬೆರಳಿನಿಂದ ಬಡಿದಾಗ ತಮಟೆಯಂತೆ ಸದ್ದು ಬರುವಷ್ಟು ಅದು ಬಿಗಿಯಾಗಿರಬೇಕು. ಎಳೆಗಳು ಓರೆಯಾಗದಂತೆ ನಾಲ್ಕು ದಿಕ್ಕಿನಿಂದಲೂ ಸಮನಾಗಿ ಎಳೆಯುವುದು ಅವಶ್ಯ.

ಹೊಲಿಯುವ ಮುನ್ನ ಪಾದದ ಹಿಡಿಯನ್ನು ಕೆಳಕ್ಕಿಳಿಸುವುದನ್ನು ಮರೆಯಬಾರದು. ಪಾದವಿಲ್ಲದೆ ಹೊಲಿದರೂ ಹಿಡಿ ಇಳಿದಿರಬೇಕು. ಹಿಡಿ ಇಳಿದಾಗಲಷ್ಟೇ ಮೇಲಿನ ದಾರಕ್ಕೆ ಬಿಗಿ ಬರುತ್ತದೆ. ಬಳಿಕ ಒಂದು ಸಲ ಸೂಜಿಯನ್ನು ಇಳಿಸಿ ಎತ್ತಿ, ಬಾಬಿನ್ನಿನ ದಾರವನ್ನು ಮೇಲಕ್ಕೆ ತಂದುಕೊಂಡು, ಎರಡೂ ತುದಿಗಳನ್ನು ಹಿಡಿದು ಅದೇ ಸ್ಥಳದಲ್ಲಿ ಮೂರು ನಾಲ್ಕು ಹೊಲಿಗೆ ಹಾಕಿದರೆ ದಾರ ನಿಲ್ಲುತ್ತದೆ. ಆಮೇಲೆ ತುದಿಗಳನ್ನು ಕತ್ತರಿಸಬಹುದು.

ಯಂತ್ರವಿಲ್ಲದೆ ಮಾಡುವ ಮೊದಲ ಅಭ್ಯಾಸ

ಯಂತ್ರ ಕಸೂತಿಯಲ್ಲಿ ಲೇಖನಿ ನಿಂತಿರುತ್ತದೆ, ಕಾಗದ ಚಲಿಸುತ್ತದೆ. ಗೆರೆ ಬಲಕ್ಕೆ ಹೋಗಬೇಕಾದರೆ ರಿಂಗ್ ಎಡಕ್ಕೆ ಸರಿಯಬೇಕು. ಗೆರೆ ಕೆಳಕ್ಕೆ ಬರಬೇಕಾದರೆ ರಿಂಗ್ ಹಿಂದಕ್ಕೆ ಹೋಗಬೇಕು. ಹೊಸಬರ ಕೈ ತಡವರಿಸುವುದು ಇಲ್ಲಿಯೇ. ಇದನ್ನು ಕಾಗದದ ಮೇಲೆಯೇ ಕಲಿಸಬಹುದು. ಇಬ್ಬರು ಮಕ್ಕಳ ಜೋಡಿಯಲ್ಲಿ ಒಬ್ಬರು ಪೆನ್ಸಿಲನ್ನು ಅಲುಗಿಸದೆ ನೆಟ್ಟಗೆ ಹಿಡಿಯಬೇಕು. ಮತ್ತೊಬ್ಬರು ರಟ್ಟಿಗೆ ಅಂಟಿಸಿದ ಕಾಗದವನ್ನು ಅದರ ಕೆಳಗೆ, ತಿರುಗಿಸದೆ, ಸರಿಸುತ್ತ ಅಕ್ಷರ ಬರೆಯಬೇಕು. ಮೊದಲ ಸಾಲು ಓದಲಾಗದಂತಿದ್ದರೂ ಅಭ್ಯಾಸ ಮುಂದುವರಿದಂತೆ ಅಕ್ಷರಗಳು ತಿದ್ದಿಕೊಳ್ಳುತ್ತವೆ. ಒಂದೇ ಯಂತ್ರವಿರುವ ಶಾಲೆಯಲ್ಲಿ ಒಂದು ಗುಂಪು ಯಂತ್ರದ ಬಳಿ, ಒಂದು ಗುಂಪು ರಿಂಗ್ ಬಿಗಿಯುವಲ್ಲಿ, ಉಳಿದವರು ಈ ಜೋಡಿ ಅಭ್ಯಾಸದಲ್ಲಿ ತೊಡಗಿದರೆ ಯಾರ ಸಮಯವೂ ವ್ಯರ್ಥವಾಗದು.

ಅಕ್ಷರಗಳ ಕ್ರಮ

ಕನ್ನಡದ ಲಿಪಿ ದುಂಡಾದುದು. ಬಳ್ಳಿಯ ಸುರುಳಿಯನ್ನೂ ಹೂವಿನ ಎಸಳನ್ನೂ ಹೊಲಿಯಲು ಬೇಕಾದ ಹಿಡಿತವೆಲ್ಲ ಅಕ್ಷರಗಳಲ್ಲಿಯೇ ಅಡಕವಾಗಿದೆ. ಆದುದರಿಂದ ವರ್ಣಮಾಲೆಯ ಕ್ರಮವನ್ನು ಬಿಟ್ಟು ಆಕಾರದ ಕ್ರಮವನ್ನು ಅನುಸರಿಸುವುದು ಲೇಸು. ಮೊದಲು ನೇರ ಗೆರೆ, ಬಳಿಕ ಸೊನ್ನೆ. ಸೊನ್ನೆಯ ಆರಂಭವೂ ಕೊನೆಯೂ ಕೂಡಿದರೆ ಕೈ ಪಳಗಿತೆಂದು ತಿಳಿಯಬಹುದು. ಆಮೇಲೆ ‘ರ’, ಅದರೊಳಗೆ ಚುಕ್ಕಿಯಿಟ್ಟರೆ ‘ಠ’; ಮುಂದೆ ‘ಗ’, ‘ಅ’, ‘ಆ’.

ಮೂರು ಎಚ್ಚರಗಳು ಇಲ್ಲಿ ಮುಖ್ಯ. ಮೊದಲನೆಯದು ಅಳತೆ. ‘ದ’ ಮತ್ತು ‘ಧ’, ‘ಪ’ ಮತ್ತು ‘ಫ’ ಇವುಗಳ ನಡುವಿನ ಭೇದವು ಕೆಳಗಿನ ಸಣ್ಣ ಗೆರೆಯಲ್ಲಿದೆ. ಅಕ್ಷರ ಚಿಕ್ಕದಾದರೆ ದಾರದ ದಪ್ಪಕ್ಕೆ ಆ ಗೆರೆ ಮುಚ್ಚಿಹೋಗುತ್ತದೆ. ಆರಂಭದಲ್ಲಿ ಅಕ್ಷರದ ಎತ್ತರ ಮೂರು ಸೆಂಟಿಮೀಟರಿಗೆ ಕಡಿಮೆಯಾಗದಿರುವುದು ಒಳ್ಳೆಯದು. ಎರಡನೆಯದು ಒತ್ತಕ್ಷರ. ಅದು ಮೇಲಿನ ಅಕ್ಷರದಿಂದ ಬಿಡಿಯಾಗಿರುವುದರಿಂದ ಮೇಲಿನದನ್ನು ಮುಗಿಸಿ, ದಾರ ನಿಲ್ಲಿಸಿ, ಸೂಜಿಯನ್ನೂ ಪಾದವನ್ನೂ ಎತ್ತಿ ರಿಂಗನ್ನು ಸರಿಸಬೇಕು. ನಡುವಿನ ದಾರವನ್ನು ಕೊನೆಗೆ ಕತ್ತರಿಸಬೇಕು. ಸಾಲುಗಳ ನಡುವೆ ಒತ್ತಿಗೆ ಸ್ಥಳವನ್ನು ಮೊದಲೇ ಬಿಟ್ಟಿರಬೇಕು. ಮೂರನೆಯದು ಕಾಗುಣಿತ. ‘ಬಳೆ’ಗೆ ಒಂದು ದೀರ್ಘ ಸೇರಿದರೆ ‘ಬಾಳೆ’. ಕಾಗದದ ತಪ್ಪನ್ನು ಅಳಿಸಬಹುದು; ಹೊಲಿದ ತಪ್ಪನ್ನು ಬಿಚ್ಚಿದರೂ ಸೂಜಿಯ ತೂತುಗಳು ಉಳಿಯುತ್ತವೆ. ಆದುದರಿಂದ ಮಗು ಬಟ್ಟೆಯ ಮೇಲೆ ಪೆನ್ಸಿಲಿನಿಂದ ಬರೆದ ಹೆಸರನ್ನು ಮತ್ತೊಂದು ಮಗು ಗಟ್ಟಿಯಾಗಿ ಓದಿದ ಮೇಲೆಯೇ ಹೊಲಿಗೆ ತೊಡಗತಕ್ಕದ್ದು.

ಗೆರೆಗಳು ಕೈವಶವಾದ ಬಳಿಕ ತುಂಬುಹೊಲಿಗೆಗೆ ಸಾಗಬಹುದು. ಗೆರೆಯ ಎರಡು ಅಂಚುಗಳ ನಡುವೆ ರಿಂಗನ್ನು ಎಡಕ್ಕೂ ಬಲಕ್ಕೂ ಆಡಿಸುತ್ತ ಹೊಲಿಗೆಗಳನ್ನು ಒತ್ತೊತ್ತಾಗಿ ಕೂರಿಸುವುದೇ ಅದರ ಮರ್ಮ. ಕಾಲು ವೇಗವಾಗಿ, ಕೈ ನಿಧಾನವಾಗಿ ನಡೆದರೆ ಹೊಲಿಗೆ ಸಣ್ಣದಾಗುತ್ತದೆ; ಕಾಲು ನಿಧಾನಿಸಿ ಕೈ ಅವಸರಿಸಿದರೆ ಹೊಲಿಗೆ ಉದ್ದವಾಗಿ ಸೂಜಿ ಬಾಗಿ ಮುರಿಯುತ್ತದೆ.

ದೋಷ ಮತ್ತು ಪರಿಹಾರ

ಬಟ್ಟೆಯ ಕೆಳಗೆ ದಾರ ಸಿಕ್ಕುಸಿಕ್ಕಾದರೆ ಪಾದದ ಹಿಡಿ ಮೇಲಿದೆಯೇ ಎಂದು ನೋಡಬೇಕು. ಮೇಲಿನ ದಾರ ಪದೇ ಪದೇ ತುಂಡಾದರೆ ಬಿಗಿ ಹೆಚ್ಚಾಗಿರಬಹುದು, ಸೂಜಿಯ ಕಣ್ಣು ದಾರಕ್ಕೆ ಕಿರಿದಾಗಿರಬಹುದು, ದಾರವೇ ಹಳತಾಗಿರಬಹುದು. ಹೊಲಿಗೆ ನಡುನಡುವೆ ತಪ್ಪಿದರೆ ಸೂಜಿ ಮೊಂಡಾಗಿದೆ ಅಥವಾ ತಿರುವಾಗಿ ಕೂತಿದೆ ಎಂದರ್ಥ. ರಿಂಗಿನಲ್ಲಿ ಬಟ್ಟೆ ಸಡಿಲಾಗಿ ಮೇಲಕ್ಕೆ ಪುಟಿಯುತ್ತಿದ್ದರೂ ಹೀಗಾಗುವುದುಂಟು. ರಿಂಗ್ ಬಿಚ್ಚಿದ ಮೇಲೆ ಬಟ್ಟೆ ಸುಕ್ಕುಗಟ್ಟಿದರೆ ಬಟ್ಟೆ ಸಡಿಲಾಗಿತ್ತು ಅಥವಾ ಹಿಂದೆ ಕ್ಯಾನ್ವಾಸ್ ಸಾಲದಾಗಿತ್ತು. ದೋಷವನ್ನು ಹೇಳಿಬಿಡುವುದಕ್ಕಿಂತ ಮಕ್ಕಳೇ ಒಂದೊಂದು ಕಾರಣವನ್ನು ಪರೀಕ್ಷಿಸಿ ಕಂಡುಕೊಳ್ಳುವಂತೆ ಮಾಡುವುದು ಮೇಲು.

ಸುರಕ್ಷತೆ

ಬೆರಳುಗಳು ಸದಾ ರಿಂಗಿನ ಅಂಚಿನ ಮೇಲಿರಬೇಕು, ಒಳಕ್ಕೆ ಬರಬಾರದು. ಪಾದವಿಲ್ಲದ ಸೂಜಿಗೆ ಬೆರಳು ಸಿಲುಕುವ ಅಪಾಯ ಹೆಚ್ಚಾದುದರಿಂದ ಮಕ್ಕಳು ಎಂಬ್ರಾಯಿಡರಿ ಪಾದವಿಲ್ಲದೆ ಹೊಲಿಯದಿರುವುದು ಕ್ಷೇಮ. ತಲೆಗೂದಲನ್ನು ಕಟ್ಟಿರಬೇಕು, ಶಾಲು ದುಪಟ್ಟಾಗಳನ್ನು ತೆಗೆದಿಟ್ಟಿರಬೇಕು. ದಾರ ಪೋಣಿಸುವಾಗ ಕಾಲನ್ನು ತುಳಿಹಲಗೆಯಿಂದ ತೆಗೆಯಬೇಕು. ವಿದ್ಯುತ್ ಯಂತ್ರವಾದರೆ ಸ್ವಿಚ್ ಆರಿಸಬೇಕು. ಸೂಜಿ ಮುರಿದರೆ ಎಲ್ಲ ತುಂಡುಗಳೂ ದೊರೆತ ಮೇಲಷ್ಟೇ ಕೆಲಸ ಮುಂದುವರಿಯಬೇಕು.

ಮೌಲ್ಯಮಾಪನ

ಮೊದಲ ವಸ್ತುವಾಗಿ ಪ್ರತಿ ಮಗುವೂ ಕರವಸ್ತ್ರ ಅಥವಾ ಬಟ್ಟೆಚೀಲದ ಮೇಲೆ ತನ್ನ ಹೆಸರನ್ನು ಕನ್ನಡದಲ್ಲಿ ಹೊಲಿಯಲಿ. ಗಂಡುಮಕ್ಕಳು, ಹೆಣ್ಣುಮಕ್ಕಳು ಎಂಬ ಭೇದ ಇಲ್ಲಿ ಸಲ್ಲದು. ಊರಿನ ದರ್ಜಿ ಅಂಗಡಿಗಳಲ್ಲಿ ಯಂತ್ರ ತುಳಿಯುವ ಗಂಡಸರನ್ನು ಮಕ್ಕಳು ದಿನವೂ ಕಾಣುತ್ತಾರೆ. ಶಿಕ್ಷಕರು ನಾಲ್ಕು ಅಂಶಗಳನ್ನು ಗಮನಿಸಬಹುದು: ಅಕ್ಷರ ಶುದ್ಧವಾಗಿದೆಯೇ, ಹೊಲಿಗೆಗಳು ಸಮನಾಗಿವೆಯೇ, ಬಟ್ಟೆ ಸುಕ್ಕಾಗದೆ ಉಳಿದಿದೆಯೇ, ಹಿಂಭಾಗದ ದಾರಗಳನ್ನು ಚೊಕ್ಕಟವಾಗಿ ಕತ್ತರಿಸಲಾಗಿದೆಯೇ. ಹಿಂಭಾಗವನ್ನು ತಿರುವಿ ನೋಡುವ ಹೊತ್ತಿಗೆ, ದೊರೆತರೆ, ಮನೆಯೊಂದರಿಂದ ತಂದ ಹಳೆಯ ಕಸೂತಿ ಸೀರೆಯ ಸೆರಗನ್ನೂ ಪಕ್ಕದಲ್ಲಿ ಹರಡಬೇಕು. ಎಳೆ ಎಣಿಸಿ ಎರಡು ಮಗ್ಗುಲನ್ನೂ ಒಂದಾಗಿಸಿದ ಹಿರಿಯರ ಸಹನೆಯ ಬೆಲೆ, ಯಂತ್ರ ತುಳಿದು ದಣಿದ ಮಕ್ಕಳಿಗೆ ಆಗ ತಾನಾಗಿಯೇ ತಿಳಿಯುತ್ತದೆ. ಅವರಲ್ಲಿ ಕೆಲವರು ಕೈಸೂಜಿಯನ್ನೂ ಕಲಿಯಬಯಸಿದರೆ ಆ ಸೀರೆಯ ಒಡತಿಯನ್ನೇ ಒಂದು ದಿನ ಶಾಲೆಗೆ ಆಹ್ವಾನಿಸುವುದು ಮುಂದಿನ ಪಾಠಕ್ಕೆ ಒಳ್ಳೆಯ ಆರಂಭವಾಗುತ್ತದೆ.