ಕಚೇರಿಯ ದೂರವಾಣಿಯೂ ಜರ್ಮನಿಯ ಸೊನ್ನೆಯೂ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಯಂತ್ರದ ವಿಚಾರವಾಗಿ ಲೇಖನಿ ಹಿಡಿದುದನ್ನು ಕಂಡು ಸಹಪಾಠಿಗಳು ನಕ್ಕಾರು. ನಗಲಿ. ಕಳೆದ ಬೇಸಗೆಯ ರಜೆಯಲ್ಲಿ ನಂಜನಗೂಡಿನ ಕಾರ್ಖಾನೆಯೊಂದರ ಕಚೇರಿಯಲ್ಲಿ ಕಾಗದಪತ್ರ ಜೋಡಿಸುವ ಕೆಲಸ ನನಗೆ ದೊರೆತಿತ್ತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಮೇಜು, ಕುರ್ಚಿ, ಮೇಜಿನ ಮೇಲೊಂದು ದೂರವಾಣಿ, ಎಲ್ಲವೂ ನನಗೆ ಹೊಸವು.

ಒಂದು ಮಧ್ಯಾಹ್ನ ಮೂಗೂರಿನಿಂದ ಅವ್ವನ ಕರೆ ಬಂದಿತು. "ನಿಮ್ಮಪ್ಪ ಗದ್ದೇಲಿ ಬಿದ್ಬುಟ್ರು" ಎಂಬಷ್ಟು ಕೇಳಿಸಿತು. ಅಷ್ಟರಲ್ಲಿ ನನ್ನ ಮೊಬೈಲಿನ ಬ್ಯಾಟರಿ ಮುಗಿದು ಮಾತು ಕಡಿಯಿತು. ಮೇಜಿನ ದೂರವಾಣಿಯನ್ನು ಎತ್ತಿದೆ. "ಹೊರಗಿನ ಕರೆಗೆ 0, ಬಳಿಕ ಸಂಖ್ಯೆ" ಎಂದು ಪಕ್ಕದಲ್ಲಿ ಚೀಟಿ ಅಂಟಿಸಿತ್ತು. ಹಾಗೆಯೇ ಒತ್ತಿದೆ. ಮೊಬೈಲ್ ಸಂಖ್ಯೆಯ ಮೊದಲು ಸೊನ್ನೆ ಸೇರಿಸಿರೆಂದು ಒಂದು ಧ್ವನಿ ಹೇಳಿತು. ಸೊನ್ನೆ ಒತ್ತಿಯೇ ಇದ್ದೇನಲ್ಲ! ನಾಲ್ಕು ಸಲ ಪ್ರಯತ್ನಿಸಿದೆ, ನಾಲ್ಕು ಸಲವೂ ಅದೇ ಧ್ವನಿ. ಕೊನೆಗೆ ವಯಸ್ಸಾದ ಗುಮಾಸ್ತರೊಬ್ಬರು ಎದ್ದು ಬಂದು, "ಇನ್ನೊಂದು ಸೊನ್ನೆ ಒತ್ತಪ್ಪ" ಎಂದರು. ಕರೆ ಹೋಯಿತು. ತಂದೆಯವರನ್ನು ಆಗಲೇ ಆಟೋದಲ್ಲಿ ತಿ. ನರಸೀಪುರದ ಆಸ್ಪತ್ರೆಗೆ ಸಾಗಿಸುತ್ತಿದ್ದರು.

ಆ ಇನ್ನೊಂದು ಸೊನ್ನೆ ಯಾರದು? ತಂದೆಯವರು ಚೇತರಿಸಿಕೊಂಡ ಮೇಲೆ ಇದನ್ನು ವಿಚಾರಿಸತೊಡಗಿದೆ. ಕಚೇರಿಯೊಳಗೆ ಒಂದು ಸಣ್ಣ ವಿನಿಮಯ ಯಂತ್ರವಿರುತ್ತದೆ. ನಾವು ಒತ್ತುವ ಮೊದಲನೆಯ ಸೊನ್ನೆ ಅದಕ್ಕೆ ಸಲ್ಲತಕ್ಕದ್ದು. "ನನ್ನನ್ನು ಹೊರಗೆ ಬಿಡು" ಎಂದು ಅದರ ಅರ್ಥ. ಯಂತ್ರ ಅದನ್ನು ನುಂಗಿಬಿಡುತ್ತದೆ, ಹೊರಗೆ ಕಳುಹಿಸುವುದಿಲ್ಲ. ಎರಡನೆಯ ಸೊನ್ನೆ ಹೊರಗಿನ ದೂರವಾಣಿ ಜಾಲಕ್ಕೆ ಸೇರಿದ್ದು. ನಮ್ಮ ದೇಶದಲ್ಲಿ 1960ರಲ್ಲಿ ಲಕ್ನೋ ಮತ್ತು ಕಾನ್ಪುರಗಳ ನಡುವೆ ಎಸ್.ಟಿ.ಡಿ. ಆರಂಭವಾಯಿತು. ಆ ಪದ್ಧತಿಯಲ್ಲಿ ಊರು ದಾಟುವ ಕರೆಗೆ ಸೊನ್ನೆಯೇ ಬಾಗಿಲು: ಮೈಸೂರಿಗೆ 0821, ನಂಜನಗೂಡಿಗೆ 08221, ನಮ್ಮ ನರಸೀಪುರಕ್ಕೆ 08227. ಸ್ಥಿರ ದೂರವಾಣಿಯಿಂದ ಯಾವ ಮೊಬೈಲಿಗೆ ಕರೆಮಾಡಿದರೂ ಸೊನ್ನೆ ಕಡ್ಡಾಯವಾದದ್ದು 2021ರ ಜನವರಿ 15ರಿಂದ. ಕಚೇರಿಯ ಚೀಟಿ ಅದಕ್ಕೂ ಹಿಂದಿನದು.

ಇಷ್ಟಕ್ಕೇ ಮುಗಿಯಲಿಲ್ಲ. ಆ ಕಾರ್ಖಾನೆಗೆ ಜರ್ಮನಿಯಲ್ಲಿ ಗಿರಾಕಿಗಳಿದ್ದರು. ಅವರಿಗೆ ಮಾಡುವ ಕರೆಗಳೂ ಆಗಾಗ ಕೆಡುತ್ತಿದ್ದವು. ನಿಯಮಗಳನ್ನು ಸರಿಪಡಿಸಲು ಕುಶಲಕರ್ಮಿಯೊಬ್ಬರು ಬಂದಾಗ ಜರ್ಮನ್ ಕಾಗದಗಳ ತಲೆಬರಹವನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತು. ಬರ್ಲಿನ್ನಿನ ಸಂಖ್ಯೆ +49 (0) 30 ಎಂದು ಆರಂಭವಾಗುತ್ತಿತ್ತು. 49 ದೇಶದ ಸಂಕೇತ, 30 ಬರ್ಲಿನ್ನಿನದು. ಕಂಸದೊಳಗಿನ ಸೊನ್ನೆ ಜರ್ಮನಿಯ ಒಳಗಿನವರಿಗೆ ಮಾತ್ರ. ಇಲ್ಲಿಂದ 00 49 30 ಎಂದು ಒತ್ತಬೇಕು. ನಮ್ಮವರು ಆ ಸೊನ್ನೆಯನ್ನೂ ಭಕ್ತಿಯಿಂದ ಒತ್ತುತ್ತಿದ್ದರು. ಹಾಗೆಯೇ ಅಲ್ಲಿನವರು ಮೈಸೂರಿಗೆ ಕರೆಮಾಡುವಾಗ 0821ರ ಸೊನ್ನೆ ಬಿಟ್ಟು 00 91 821 ಎನ್ನಬೇಕು.

ಇನ್ನೂ ದೊಡ್ಡ ತೊಡಕು ಅಂಕಿಗಳ ಎಣಿಕೆಯದು. ನಮ್ಮಲ್ಲಿ ಸೊನ್ನೆಯನ್ನು ಕಳೆದರೆ ಊರಿನ ಸಂಕೇತವೂ ಮನೆಯ ಸಂಖ್ಯೆಯೂ ಕೂಡಿ ಹತ್ತೇ ಅಂಕಿ. ಬೆಂಗಳೂರಿನ ಸಂಕೇತ ಚಿಕ್ಕದು, ಮನೆಯ ಸಂಖ್ಯೆ ಎಂಟಂಕಿ. ನಂಜನಗೂಡಿನ ಸಂಕೇತ ಉದ್ದ, ಮನೆಯ ಸಂಖ್ಯೆ ಆರೇ ಅಂಕಿ. ಈ ಸಮತೂಕ ನನಗೆ ಬಹಳ ಹಿಡಿಸಿತು. ಯಂತ್ರಕ್ಕೂ ಇದು ಸುಲಭ. ಹತ್ತು ಎಣಿಸಿ ಕರೆಯನ್ನು ಕಳಿಸಿಬಿಡುತ್ತದೆ. ಜರ್ಮನಿಯಲ್ಲಾದರೋ ಊರಿನ ಸಂಕೇತವೇ, ಸೊನ್ನೆ ಬಿಟ್ಟು, ಎರಡರಿಂದ ಐದು ಅಂಕಿಯವರೆಗೆ ಇರುತ್ತದೆ. ಮನೆಯ ಸಂಖ್ಯೆಗಳ ಉದ್ದವೂ ಒಂದೇ ಅಲ್ಲ. ಒಂದೇ ಸಂಸ್ಥೆಯ ಮುಖ್ಯ ಸಂಖ್ಯೆಯ ಕೊನೆಯಲ್ಲಿ -0 ಇದ್ದರೆ ಸ್ವಾಗತ ಮೇಜು. ಅದನ್ನು ತೆಗೆದು -27 ಎಂದು ಹಾಕಿದರೆ 27ನೆಯ ಒಳಸಂಖ್ಯೆಯವರು ನೇರವಾಗಿ ಸಿಗುತ್ತಾರೆ. ಇಂಥಲ್ಲಿ ಎಣಿಸುವ ಯಂತ್ರ ಸೋಲುತ್ತದೆ. ಆದುದರಿಂದ ಒತ್ತುವವನು ನಿಲ್ಲಿಸಿದ ಕೆಲವು ಸೆಕೆಂಡುಗಳ ನಂತರ, ಇಲ್ಲವೇ ಹ್ಯಾಷ್ ಗುಂಡಿ ಒತ್ತಿದೊಡನೆ, ಕರೆ ಕಳಿಸುವಂತೆ ನಿಯಮ ಬರೆಯಬೇಕು. ನಿಯಮಗಳ ಅನುಕ್ರಮವೂ ಮುಖ್ಯ. 00 ಎಂಬುದನ್ನು 0ಕ್ಕಿಂತ ಮೊದಲು ಪರೀಕ್ಷಿಸದಿದ್ದರೆ ಯಂತ್ರ ಒಂದು ಸೊನ್ನೆ ಕಂಡೊಡನೆ ಹತ್ತು ಎಣಿಸಿ, ಬರ್ಲಿನ್ನಿನ ಸಂಖ್ಯೆಯ ಬಾಲವನ್ನು ಕತ್ತರಿಸಿಬಿಡುತ್ತದೆ. ಆ ಕಚೇರಿಯಲ್ಲಿ ಆಗುತ್ತಿದ್ದುದು ಇದೇ.

ಅವರು ತೋರಿಸಿದ ಇನ್ನೊಂದು ಸಂಗತಿ ನನ್ನನ್ನು ಬೆಚ್ಚಿಸಿತು. ಜರ್ಮನಿಯಲ್ಲಿ ಪೊಲೀಸರಿಗೆ 110, ಅಗ್ನಿಶಾಮಕ ಹಾಗೂ ಆಂಬುಲೆನ್ಸಿಗೆ 112. ಅಲ್ಲಿನ ಕಚೇರಿಯಲ್ಲಿ 11 ಎಂಬ ಒಳಸಂಖ್ಯೆಯನ್ನು ಯಾರಿಗಾದರೂ ಕೊಟ್ಟರೆ, 112 ಒತ್ತಹೊರಟವನಿಗೆ ಎರಡೇ ಅಂಕಿಗೆ ಆ ಮೇಜಿನ ಗಂಟೆ ಬಾರಿಸುತ್ತದೆ! ಈ ಸಂಖ್ಯೆಗಳು ಹೊರಗಿನ ಸೊನ್ನೆ ಇದ್ದರೂ, ಇಲ್ಲದಿದ್ದರೂ ಹೋಗುವಂತಿರಬೇಕು. ನಮ್ಮಲ್ಲೂ 112 ಇದೆ, ಆಂಬುಲೆನ್ಸಿನ 108 ಇದೆ. ನಂಜನಗೂಡಿನ ಆ ಕಚೇರಿಯಲ್ಲಿ 10ನೆಯ ಒಳಸಂಖ್ಯೆ ಕಾವಲುಗಾರನ ಕೊಠಡಿಯದಾಗಿತ್ತು. ಅಂದು ನಾನು ಅಲ್ಲಿಂದ 108 ಒತ್ತಿದ್ದರೆ ಗೇಟಿನ ಮುದುಕ "ಯಾರು?" ಎನ್ನುತ್ತಿದ್ದ. ಆ ಒಳಸಂಖ್ಯೆಯನ್ನು ಅದೇ ದಿನ 40 ಎಂದು ಬದಲಾಯಿಸಿದರು.

ಹಳೆಯ ಚೀಟಿಯನ್ನು ಕಿತ್ತು ಹೊಸದನ್ನು ಕನ್ನಡದಲ್ಲಿ ನಾನೇ ಬರೆದು ಅಂಟಿಸಿದೆ: ಮೊಬೈಲಿಗೆ 0 0, ಮೈಸೂರಿಗೆ 0 0821, ಜರ್ಮನಿಗೆ 0 00 49. ಮನೆಯಲ್ಲಿ ಇದನ್ನೆಲ್ಲ ವಿವರಿಸಿದಾಗ ತಂದೆಯವರು ಜಗಲಿಯ ಮೇಲೆ ಕಾಲು ಚಾಚಿ ಕೂತು ಕೇಳಿದರು. "ಸೊನ್ನೆಗೆ ಬೆಲೆಯಿಲ್ಲ ಅಂತಿದ್ರು ನಮ್ಮ ಮೇಷ್ಟ್ರು" ಎಂದರು. ಅವರು ಶಾಲೆಗೆ ಹೋದದ್ದು ಎರಡೇ ವರ್ಷ.