ಚನ್ನಗಿರಿಯ ಲೆಕ್ಕ, ಮುಂಬೈನ ಸರ್ವರ್

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ತಾಲ್ಲೂಕುಗಳಲ್ಲಿ ಸಹಕಾರ ಸಂಘ, ಅಡಿಕೆ ಮಂಡಿ, ಹಾಲಿನ ಡೇರಿ, ಖಾಸಗಿ ಶಾಲೆಗಳ ಲೆಕ್ಕಪತ್ರ ಕಾಗದದಿಂದ ಕಂಪ್ಯೂಟರಿಗೆ ಬಂದು ಎಷ್ಟೋ ವರ್ಷವಾಯಿತು. ಈಗ ಅದು ಕಚೇರಿಯ ಕಂಪ್ಯೂಟರನ್ನೂ ಬಿಟ್ಟು ಕ್ಲೌಡಿಗೆ ಹೊರಟಿದೆ. ಅಮೆಜಾನ್, ಗೂಗಲ್, ಮೈಕ್ರೋಸಾಫ್ಟ್ ಕಂಪನಿಗಳು ಬಾಡಿಗೆಗೆ ಕೊಡುವ ಮ್ಯಾನೇಜ್ಡ್ ಡೇಟಾಬೇಸ್ ಪಡೆಯುವುದು ಸುಲಭ. ಪರದೆಯ ಮೇಲೆ ಒಂದು ಫಾರಂ ತುಂಬಿ ಗುಂಡಿ ಒತ್ತಿದರೆ ಸ್ವಲ್ಪ ಹೊತ್ತಿನಲ್ಲಿ ಎಲ್ಲ ಸಿದ್ಧ. ಯಂತ್ರ ಕೊಳ್ಳುವುದು, ಕೆಟ್ಟ ಡಿಸ್ಕ್ ಬದಲಿಸುವುದು, ತಂತ್ರಾಂಶಕ್ಕೆ ತೇಪೆ ಹಾಕುವುದು, ಕರೆಂಟು, ತಂಪು, ಕಾವಲು ಎಲ್ಲವೂ ಅವರದು. ಇಂಥ ಡೇಟಾಬೇಸ್‌ಗಳನ್ನು ಕಟ್ಟುವ, ಕಾಯುವ ಕೆಲಸ ನನಗೆ ಖಚಿತಪಡಿಸಿದ ಮಾತು ಒಂದೇ. ತಾಲ್ಲೂಕು ಮಟ್ಟದ ಸಂಸ್ಥೆಗೆ ಈ ವ್ಯವಸ್ಥೆ ಒಳ್ಳೆಯದು, ಸ್ವಂತ ಸರ್ವರಿಗಿಂತ ಮೇಲು. ಆದರೆ ಕಂಪನಿ ನೋಡಿಕೊಳ್ಳುವುದು ಯಂತ್ರವನ್ನು ಮಾತ್ರ. ಲೆಕ್ಕ ಉಳಿಯುತ್ತದೋ ಇಲ್ಲವೋ ಎಂಬುದು ಆ ಫಾರಂ ತುಂಬುವಾಗ ನಾವು ಮಾಡುವ ಕೆಲವೇ ಆಯ್ಕೆಗಳ ಮೇಲೆ ನಿಂತಿದೆ. ಆ ಆಯ್ಕೆಗಳಿಗೆ ಸಂಸ್ಥೆಯ ಒಳಗೇ, ಹೆಸರು ಹಿಡಿದು ಹೇಳಬಹುದಾದ ಒಬ್ಬ ಹೊಣೆಗಾರ ಇರಬೇಕು.

ಈ ವಿಚಾರದಲ್ಲಿ ಕರ್ನಾಟಕಕ್ಕೆ ತನ್ನದೇ ಆದ ಅನುಭವ ಉಂಟು. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆಯಡಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಬಂದವು. ಮೊದಲ ಹಂತದಲ್ಲಿ ಚನ್ನಗಿರಿಯ ಪಹಣಿ ಚನ್ನಗಿರಿ ತಾಲ್ಲೂಕು ಕಚೇರಿಯ ಸರ್ವರಿನಲ್ಲಿ, ಜಗಳೂರಿನದು ಜಗಳೂರಿನಲ್ಲೇ ಇರುತ್ತಿತ್ತು. ಆಮೇಲೆ ಎಲ್ಲ ದತ್ತಾಂಶವೂ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಹೋಯಿತು. ಯಂತ್ರ ಜಾಗ ಬದಲಿಸಿತು, ಹೊಣೆ ಬದಲಿಸಲಿಲ್ಲ. ಮ್ಯುಟೇಶನ್‌ಗೆ ಒಪ್ಪಿಗೆ ಕೊಡಬೇಕಾದವರು ಕಂದಾಯ ಇಲಾಖೆಯ ಅಧಿಕಾರಿಯೇ. ಅವರು ಬೆರಳಚ್ಚು ಕೊಟ್ಟು ಒಳಹೋಗಬೇಕಿತ್ತು, ಯಾವ ಬದಲಾವಣೆ ಯಾರ ಕೈಯಿಂದ ಆಯಿತು ಎಂಬುದು ದಾಖಲಾಗುತ್ತಿತ್ತು. ಭೂಮಿ ಯೋಜನೆಯ ಬಗ್ಗೆ ಮಾತಾಡುವವರು ಕಿಯಾಸ್ಕ್‌ಗಳನ್ನೂ 15 ರೂಪಾಯಿಯ ಪಹಣಿಯನ್ನೂ ನೆನೆಯುತ್ತಾರೆ. ನನ್ನ ಮಟ್ಟಿಗೆ ಅದರ ದೊಡ್ಡ ಸಾಧನೆ ಆ ಬೆರಳಚ್ಚು. ಇಂದು ಕ್ಲೌಡಿಗೆ ಹೋಗುವ ಸಣ್ಣ ಸಂಸ್ಥೆಗಳು ಮೊದಲು ಕೈಬಿಡುವುದೂ ಅದನ್ನೇ. ಡೇಟಾಬೇಸ್‌ನ ಅಡ್ಮಿನ್ ಪಾಸ್‌ವರ್ಡ್ ಒಂದೇ ಇರುತ್ತದೆ. ತಂತ್ರಾಂಶವೂ ಅದನ್ನೇ ಬಳಸುತ್ತದೆ, ಗುಮಾಸ್ತರೂ ಅದನ್ನೇ, ದಾವಣಗೆರೆಯಿಂದ ಬರುವ ಸಾಫ್ಟ್‌ವೇರ್ ಹುಡುಗನೂ ಅದನ್ನೇ. ಷೇರುದಾರರೊಬ್ಬರ ಬಾಕಿ ಒಂದು ಬೆಳಗ್ಗೆ ಸೊನ್ನೆಯಾಗಿ ಕಂಡರೆ ಯಾರು ಮಾಡಿದ್ದೆಂದು ಹೇಳಲು ಯಾವ ದಾರಿಯೂ ಉಳಿದಿರುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಬಳಕೆದಾರ ಖಾತೆ, ಅವರವರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ, ಅಡ್ಮಿನ್ ಪಾಸ್‌ವರ್ಡ್ ಮುಚ್ಚಿದ ಲಕೋಟೆಯಲ್ಲಿ ಕಾರ್ಯದರ್ಶಿಯ ಬೀರುವಿನಲ್ಲಿ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಕ್ಲೌಡ್ ಖಾತೆ ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆ ಇದಕ್ಕಿಂತಲೂ ಮೊದಲಿನದು. ತಂತ್ರಾಂಶ ಬರೆದುಕೊಟ್ಟವರು ತಮ್ಮ ಸ್ವಂತ ಇಮೇಲ್, ಸ್ವಂತ ಮೊಬೈಲ್ ನಂಬರು, ಸ್ವಂತ ಕಾರ್ಡ್ ಹಾಕಿ ಖಾತೆ ತೆರೆಯುವುದು ವಾಡಿಕೆಯೇ ಆಗಿಹೋಗಿದೆ. ಕಾನೂನಿನ ಕಣ್ಣಿನಲ್ಲಿ ಲೆಕ್ಕ ಸಂಘದ್ದು, ಆದರೆ ಕಂಪನಿಗೆ ಗೊತ್ತಿರುವ ಗ್ರಾಹಕ ಆ ವ್ಯಕ್ತಿ ಮಾತ್ರ. ಆತ ಬೆಂಗಳೂರಿಗೆ ಕೆಲಸ ಸಿಕ್ಕಿ ಹೋದರೆ, ಕಾರ್ಡಿನ ಅವಧಿ ಮುಗಿದರೆ, ಬಿಲ್ ಕಟ್ಟದೆ ಖಾತೆ ನಿಂತುಹೋದರೆ ಸಂಘ ಯಾರ ಬಾಗಿಲು ತಟ್ಟಬೇಕು? ಅಮೆಜಾನ್‌ನಲ್ಲಿ ಮುಚ್ಚಿದ ಖಾತೆಯನ್ನು ಮತ್ತೆ ತೆರೆಸಲು 90 ದಿನಗಳ ಅವಕಾಶವಿದೆ, ಅದು ದಾಟಿದರೆ ಒಳಗಿದ್ದುದೆಲ್ಲ ಅಳಿಯುತ್ತದೆ. ಸಂಘದ ಹೆಸರಿನ ಇಮೇಲ್, ಸಂಘದ ಜಿಎಸ್‌ಟಿ ಸಂಖ್ಯೆ, ಆಡಳಿತ ಮಂಡಳಿಯ ಠರಾವು, ಇವು ಮೂರು ಮೊದಲು ಆಗಬೇಕು. ಡೇಟಾಬೇಸ್ ಆಮೇಲೆ.

ಇನ್ನು ಬ್ಯಾಕಪ್. ಅದು ತಾನಾಗಿಯೇ ಆಗುತ್ತದೆ ಎಂಬ ಮಾತು ನಿಜ, ಆದರೆ ಅರ್ಧ ನಿಜ. ಅಮೆಜಾನ್‌ನ ಆರ್‌ಡಿಎಸ್ ಸೇವೆಯಲ್ಲಿ ಪರದೆಯ ಮೂಲಕ ಡೇಟಾಬೇಸ್ ತೆರೆದರೆ ಸ್ವಯಂಚಾಲಿತ ಬ್ಯಾಕಪ್ 7 ದಿನ ಉಳಿಯುತ್ತದೆ, ಆದೇಶದ ಸಾಲುಗಳ ಮೂಲಕ ತೆರೆದರೆ ಒಂದೇ ದಿನ. ಹೆಚ್ಚೆಂದರೆ 35 ದಿನಕ್ಕೆ ಏರಿಸಬಹುದು, ಏರಿಸಬೇಕಾದವರು ನಾವು. ವರ್ಷಕ್ಕೊಮ್ಮೆ ಆಡಿಟ್ ಆಗುವ ಸಂಘದಲ್ಲಿ ತಪ್ಪು ಬೆಳಕಿಗೆ ಬರುವುದೇ ತಿಂಗಳುಗಳ ಮೇಲೆ. ಆ ಹೊತ್ತಿಗೆ 35 ದಿನದ ಹಿಂದಿನ ಪ್ರತಿ ಯಾವುದಕ್ಕೂ ಒದಗುವುದಿಲ್ಲ. ಆದ್ದರಿಂದ ತಿಂಗಳಿಗೊಂದು ಪ್ರತಿಯನ್ನು ಬೇರೆಯಾಗಿ ತೆಗೆದು ವರ್ಷಗಟ್ಟಲೆ ಇಡಬೇಕು. ಇನ್ನೊಂದು ಸಂಗತಿ ಹಲವರ ಗಮನಕ್ಕೆ ಬಂದೇ ಇರುವುದಿಲ್ಲ. ಡೇಟಾಬೇಸನ್ನೇ ಅಳಿಸಿದರೆ, ಉಳಿಸಿಕೊಳ್ಳಿ ಎಂದು ಬೇರೆಯಾಗಿ ಹೇಳದಿದ್ದಲ್ಲಿ, ಅದರ ಸ್ವಯಂಚಾಲಿತ ಬ್ಯಾಕಪ್‌ಗಳೂ ಅದರ ಜೊತೆಗೇ ಹೋಗುತ್ತವೆ. ಎರಡು ಕಟ್ಟಡಗಳಲ್ಲಿ ಜೋಡಿ ಯಂತ್ರ ಇಡುವ ಸೌಲಭ್ಯಕ್ಕೆ ಹೆಚ್ಚು ಹಣ ಕೊಟ್ಟವರು ಬ್ಯಾಕಪ್ ಬೇಡವೆಂದುಕೊಳ್ಳುತ್ತಾರೆ. ಒಂದು ಯಂತ್ರ ಕೆಟ್ಟರೆ ಇನ್ನೊಂದು ಎದ್ದು ನಿಲ್ಲುತ್ತದೆ, ಸರಿ. ಆದರೆ ಗುಮಾಸ್ತರ ಕೈತಪ್ಪಿ ಸಾವಿರ ಸದಸ್ಯರ ದಾಖಲೆ ಅಳಿದರೆ ಆ ಅಳಿಸುವಿಕೆಯೂ ಅದೇ ಕ್ಷಣ ಎರಡನೆಯ ಯಂತ್ರಕ್ಕೆ ತಲುಪುತ್ತದೆ.

ಕಂಪನಿಯ ಕೈಯಲ್ಲೇ ತಪ್ಪಾಗಬಹುದೇ? ಆಗಿದೆ. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿಯ ಖಾಸಗಿ ಕ್ಲೌಡ್ ವ್ಯವಸ್ಥೆಯೊಂದು ಗೂಗಲ್‌ನ ಕಡೆಯಿಂದ ಅಳಿದುಹೋಯಿತು. ಆರು ಲಕ್ಷಕ್ಕೂ ಹೆಚ್ಚು ಸದಸ್ಯರು ದಿನಗಟ್ಟಲೆ ತಮ್ಮ ಖಾತೆ ನೋಡಲಾಗಲಿಲ್ಲ. ಕಾರಣವನ್ನು ಗೂಗಲ್ ತಾನೇ ಬಹಿರಂಗವಾಗಿ ಹೇಳಿತು. ವ್ಯವಸ್ಥೆಯನ್ನು ಮೊದಲು ಕಟ್ಟುವಾಗ ತನ್ನ ಸಿಬ್ಬಂದಿ ಒಂದು ಅಂಕಣವನ್ನು ಖಾಲಿ ಬಿಟ್ಟಿದ್ದರು. ಖಾಲಿ ಬಿಟ್ಟದ್ದಕ್ಕೆ ತಂತ್ರಾಂಶ ಒಂದು ವರ್ಷದ ಅವಧಿ ಎಂದು ಅರ್ಥ ಮಾಡಿಕೊಂಡಿತು, ಅವಧಿ ಮುಗಿದಾಗ ಅಳಿಸಿತು. ಯೂನಿಸೂಪರ್ ಬದುಕಿಕೊಂಡಿದ್ದರಲ್ಲಿ ಬೇರೊಂದು ಕಂಪನಿಯ ಬಳಿ ಅದು ಇಟ್ಟಿದ್ದ ಪ್ರತಿಯ ಪಾಲು ದೊಡ್ಡದು. ಒಂದು ಖಾಲಿ ಅಂಕಣ ಇಷ್ಟು ಮಾಡಬಲ್ಲದಾದರೆ ಹೊನ್ನಾಳಿಯ ಸಂಘವೊಂದು ತುಂಬುವ ಫಾರಂನ ಪ್ರತಿ ಅಂಕಣವನ್ನೂ ಯಾರಾದರೂ ಓದಿರಬೇಕು. ತಿಂಗಳ ಪ್ರತಿಗಳಲ್ಲಿ ಒಂದಾದರೂ ಆ ಕಂಪನಿಯ ಹೊರಗಿರಬೇಕು. ಕಂಪನಿಯ ಮುಂಬೈ ಕೇಂದ್ರದಲ್ಲಿರುವ ಲೆಕ್ಕದ ಪ್ರತಿಯನ್ನು ಅದೇ ಕಂಪನಿಯ ಹೈದರಾಬಾದ್ ಕೇಂದ್ರದಲ್ಲಿ ಇಡುವುದು ಬೆಂಕಿ, ನೆರೆಗೆ ಉತ್ತರವಾದೀತು, ಖಾತೆಯೇ ಮುಚ್ಚಿಹೋದರೆ ಆಗದು.

ಬ್ಯಾಕಪ್ ಇದೆ ಎಂದು ನಂಬುವುದಕ್ಕೂ ಅದರಿಂದ ಲೆಕ್ಕವನ್ನು ಮರಳಿ ಎಬ್ಬಿಸಬಲ್ಲೆವು ಎಂದು ತಿಳಿದಿರುವುದಕ್ಕೂ ನಡುವಿನ ಅಂತರವನ್ನು 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿ ಜಗತ್ತಿಗೇ ತೋರಿಸಿತು. ಅಲ್ಲಿನ ಎಂಜಿನಿಯರ್ ಒಬ್ಬರು ತಪ್ಪಾಗಿ ಮುಖ್ಯ ಡೇಟಾಬೇಸನ್ನೇ ಅಳಿಸಿದರು. ಐದು ಬಗೆಯ ರಕ್ಷಣೆ ಇದೆಯೆಂದುಕೊಂಡಿದ್ದರು, ಆ ಹೊತ್ತಿಗೆ ಒಂದೂ ನೆಟ್ಟಗಿರಲಿಲ್ಲ. ದಿನದ ಬ್ಯಾಕಪ್ ಸದ್ದಿಲ್ಲದೆ ವಿಫಲವಾಗುತ್ತಿತ್ತು, ವಿಫಲವಾಯಿತೆಂದು ತಿಳಿಸುವ ಇಮೇಲ್‌ಗಳೂ ತಲುಪುತ್ತಿರಲಿಲ್ಲ. ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ತೆಗೆದಿಟ್ಟ ಒಂದು ಪ್ರತಿ ಅವರನ್ನು ಉಳಿಸಿತು. ಕಂಪ್ಯೂಟರ್ ಕೆಲಸವೇ ಕಸುಬಾದವರ ಸ್ಥಿತಿ ಇದಾದರೆ ಮೂರು ಜನ ಸಿಬ್ಬಂದಿಯ ಸಂಘ ಬ್ಯಾಕಪ್‌ನ ಹಸಿರು ಗುರುತನ್ನು ನೋಡಿ ನೆಮ್ಮದಿಯಿಂದಿರುವುದು ಹೇಗೆ?

ನೆಟ್‌ವರ್ಕಿನ ವಿಷಯ ಚಿಕ್ಕದು, ಆದರೆ ಬೇಗ ಕೆಡುವುದು ಅಲ್ಲೇ. ಡೇಟಾಬೇಸ್ ಹೊರಗಿನ ಇಂಟರ್‌ನೆಟ್‌ಗೆ ಕಾಣಬಾರದು, ತಂತ್ರಾಂಶದ ಮೂಲಕ ಮಾತ್ರ ಸಿಗಬೇಕು. ಕೌಂಟರಿನ ಕಂಪ್ಯೂಟರ್ ನೇರವಾಗಿ ಡೇಟಾಬೇಸ್ ಜೊತೆ ಮಾತಾಡುವ ಹಳೆಯ ಮಾದರಿಯ ತಂತ್ರಾಂಶಗಳಿಗೆ ಕಚೇರಿಯ ಐಪಿ ವಿಳಾಸವನ್ನು ಬರೆದು ಅನುಮತಿ ಕೊಡಬೇಕಾಗುತ್ತದೆ. ನಮ್ಮ ಕಡೆಯ ಬ್ರಾಡ್‌ಬ್ಯಾಂಡ್‌ನಲ್ಲಿ ಆ ವಿಳಾಸ ಬದಲಾಗುತ್ತಲೇ ಇರುತ್ತದೆ. ಎರಡು ಸಲ ಕೆಲಸ ನಿಂತರೆ ಮೂರನೆಯ ಸಲ ಯಾರೋ ಬೇಸತ್ತು 0.0.0.0/0 ಎಂದು ಬರೆಯುತ್ತಾರೆ. ಅಲ್ಲಿಗೆ ಜಗತ್ತಿನ ಎಲ್ಲರಿಗೂ ಬಾಗಿಲು ತೆರೆದಂತೆ. ದತ್ತಾಂಶದ ಗೂಢಲಿಪೀಕರಣವೂ ಮೊದಲೇ ಯೋಚಿಸಬೇಕಾದದ್ದು. ಆರ್‌ಡಿಎಸ್‌ನಲ್ಲಿ ಅದನ್ನು ಕಟ್ಟುವಾಗಲೇ ಆರಿಸಬೇಕು, ಆಮೇಲೆ ಬೇಕೆಂದರೆ ಪ್ರತಿ ತೆಗೆದು ಹೊಸ ಡೇಟಾಬೇಸ್ ಎಬ್ಬಿಸಬೇಕು. ಸಮಯದ ಲೆಕ್ಕ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿರುತ್ತದೆ. ಬೆಳಗಿನ ಜಾವ ಎಂದುಕೊಂಡು ರಿಪೇರಿಗೆ 5:30 ಎಂದು ಬರೆದರೆ ಅದು ನಮ್ಮ 11 ಗಂಟೆ, ಅಡಿಕೆ ಕೊಯ್ಲಿನ ಕಾಲದಲ್ಲಿ ತೂಕದ ಚೀಟಿ ಹಿಡಿದವರ ಸಾಲು ಬೆಳೆದಿರುವ ಹೊತ್ತು.

ಇಷ್ಟೆಲ್ಲ ಸರಿಯಾದ ಮೇಲೂ ಯಾವ ಕಂಪನಿಯೂ ಮುಟ್ಟದ ಒಂದು ಭಾಗ ಉಳಿಯುತ್ತದೆ. ಅದು ನಮ್ಮ ಭಾಷೆ, ನಮ್ಮ ಊರು. ಹಳೆಯ ನುಡಿ ಅಕ್ಷರಗಳಲ್ಲಿ ತುಂಬಿದ ಸದಸ್ಯರ ಪಟ್ಟಿಯನ್ನು ಯುನಿಕೋಡಿಗೆ ಬದಲಿಸದೆ ಏರಿಸಿದರೆ ಡೇಟಾಬೇಸಿಗೆ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ, ಹುಡುಕಿದರೆ ಯಾರೂ ಸಿಗುವುದಿಲ್ಲ. ಯುನಿಕೋಡ್ ಸಂಖ್ಯೆಯ ಕ್ರಮದಲ್ಲಿ ‘ಳ’ ಅಕ್ಷರ ‘ಲ’ ಆದಮೇಲೆ, ‘ವ’ಕ್ಕಿಂತ ಮೊದಲು ಬರುತ್ತದೆ. ವರ್ಣಮಾಲೆಯಲ್ಲಿ ಅದು ‘ಹ’ ಆದಮೇಲೆ. ವಿಂಗಡಣೆಯ ನಿಯಮವನ್ನು ನೋಡಿ ಆರಿಸದಿದ್ದರೆ ಪಟ್ಟಿಯ ಅಕಾರಾದಿ ತಪ್ಪುತ್ತದೆ. ಊರಿನ ವಿಷಯ ಇನ್ನೂ ಸೂಕ್ಷ್ಮ. ಚನ್ನಗಿರಿ, ಹೊನ್ನಾಳಿ 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ಚನ್ನಗಿರಿ ತಾಲ್ಲೂಕಿನವರೇ ಆದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ ದಾವಣಗೆರೆ ಜಿಲ್ಲೆಯಾಯಿತು. 2018ರಲ್ಲಿ ಹೊನ್ನಾಳಿಯಿಂದ ನ್ಯಾಮತಿ ಬೇರೆ ತಾಲ್ಲೂಕಾಯಿತು. ಅದೇ ವರ್ಷ ಹರಪನಹಳ್ಳಿ ಬಳ್ಳಾರಿಗೆ ಹೋಯಿತು, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. ಹಳ್ಳಿ ಕದಲಲಿಲ್ಲ, ಅದರ ವಿಳಾಸ ಬದಲಾಯಿತು. ಸದಸ್ಯರ ದಾಖಲೆಯಲ್ಲಿ ತಾಲ್ಲೂಕಿನ ಹೆಸರನ್ನು ಅಕ್ಷರದಲ್ಲಿ ಬರೆದಿಟ್ಟವರು ಪ್ರತಿ ಸಾಲನ್ನೂ ತಿದ್ದಬೇಕಾಗುತ್ತದೆ. ತಿದ್ದಿದರೆ ಹಳೆಯ ಸಾಲದ ಪತ್ರದಲ್ಲಿ ಹೊನ್ನಾಳಿ ಎಂದಿರುವುದು ತಾಳೆಯಾಗುವುದಿಲ್ಲ. ಹಳ್ಳಿಗೊಂದು ಸಂಕೇತ, ಆ ಹಳ್ಳಿ ಯಾವ ದಿನಾಂಕದಿಂದ ಯಾವ ತಾಲ್ಲೂಕಿನಲ್ಲಿತ್ತು ಎಂಬುದಕ್ಕೆ ಬೇರೆ ಪಟ್ಟಿ, ಹೀಗೆ ಕಟ್ಟಬೇಕೆಂಬುದು ನ್ಯಾಮತಿಯವರಿಗೆ ಹೊಳೆದಷ್ಟು ಸಿಯಾಟಲ್‌ನ ಅಮೆಜಾನ್‌ನವರಿಗೆ ಹೊಳೆಯಲಾರದು.

ಇಷ್ಟು ಎಚ್ಚರ ಬೇಕೆಂದರೆ ನಮ್ಮ ಕೋಣೆಯಲ್ಲೇ ಒಂದು ಸರ್ವರ್ ಇಟ್ಟುಕೊಳ್ಳಬಾರದೇ ಎಂದು ಕೇಳುವವರಿದ್ದಾರೆ. ಕಣ್ಣೆದುರಿಗಿರುವ ಯಂತ್ರದ ಮೇಲೆ ನಂಬಿಕೆ ಹುಟ್ಟುವುದು ಸಹಜ. ಆದರೆ ಮೇಲೆ ಹೇಳಿದ ಯಾವ ಎಚ್ಚರವೂ ಸ್ವಂತ ಸರ್ವರಿನಲ್ಲಿ ಕಡಿಮೆಯಾಗುವುದಿಲ್ಲ. ಅವುಗಳ ಮೇಲೆ ಯುಪಿಎಸ್, ಡಿಸ್ಕ್, ಧೂಳು, ಸಿಡಿಲಿನ ಚಿಂತೆ ಸೇರುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಅಲ್ಲಿನ ಸರ್ಕಾರದ ಸ್ವಂತ ದತ್ತಾಂಶ ಕೇಂದ್ರಕ್ಕೆ ಬ್ಯಾಟರಿಯಿಂದ ಬೆಂಕಿ ಬಿತ್ತು. ನೂರಾರು ಸರ್ಕಾರಿ ಸೇವೆಗಳು ನಿಂತವು, ನೌಕರರು ಕಡತ ಇಡುತ್ತಿದ್ದ ಒಂದು ವ್ಯವಸ್ಥೆಗೆ ಹೊರಗೆ ಪ್ರತಿಯೇ ಇರಲಿಲ್ಲ. ಖರ್ಚಿನ ಆಕ್ಷೇಪ ಮಾತ್ರ ಗಟ್ಟಿಯಾದದ್ದು, ಅದನ್ನು ತಳ್ಳಿಹಾಕಲಾರೆ. ಬಾಡಿಗೆ ಪ್ರತಿ ತಿಂಗಳೂ ಬರುತ್ತದೆ, 18% ಜಿಎಸ್‌ಟಿಯೂ ಸೇರುತ್ತದೆ. ಹಳೆಯ ಆವೃತ್ತಿಯಲ್ಲೇ ಉಳಿದರೆ ಹೆಚ್ಚುವರಿ ಶುಲ್ಕ ಬೀಳುತ್ತದೆ, 2024ರ ಮಾರ್ಚ್‌ನಿಂದ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ 5.7 ಆವೃತ್ತಿಗೆ ಆರ್‌ಡಿಎಸ್ ಅದನ್ನು ವಿಧಿಸುತ್ತಿದೆ. ಒಬ್ಬರೇ ಗುಮಾಸ್ತರು, ಕೆಲವು ನೂರು ಸದಸ್ಯರು ಇರುವ ಸಂಘಕ್ಕೆ ಇದು ಬೇಡ. ಒಂದು ಎಕ್ಸೆಲ್ ಪಟ್ಟಿ, ಎರಡು ಕಡೆ ಅದರ ಪ್ರತಿ ಸಾಕು. ಹಲವು ಶಾಖೆ, ಹಲವು ಕೌಂಟರ್, ಒಂದೇ ಹೊತ್ತಿಗೆ ವ್ಯವಹಾರ ಇರುವಲ್ಲಿ ಮಾತ್ರ ಬಾಡಿಗೆ ಸಾರ್ಥಕ. ನೆಟ್ ಹೋದರೆ ಏನು ಎಂಬ ಪ್ರಶ್ನೆಗೆ ಉತ್ತರ ಡೇಟಾಬೇಸಿನಲ್ಲಿಲ್ಲ, ತಂತ್ರಾಂಶದಲ್ಲಿದೆ. ತೂಕದ ಚೀಟಿ ಮೊದಲು ಕೌಂಟರಿನಲ್ಲೇ ಉಳಿದು, ನೆಟ್ ಬಂದಾಗ ಮೇಲೆ ಹೋಗುವಂತೆ ಅದನ್ನು ಬರೆಸಬೇಕು.

ಇದೆಲ್ಲವನ್ನೂ ಸರ್ಕಾರವೇ ಮಾಡುತ್ತಿದೆಯಲ್ಲ ಎಂಬ ವಾದವೂ ಉಂಟು. 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿ ಒಪ್ಪಿತು. ಅದರ ತಂತ್ರಾಂಶ ಕ್ಲೌಡ್ ಆಧಾರಿತ, ಹೊಣೆ ನಬಾರ್ಡ್‌ನದು. ಒಳ್ಳೆಯ ಕೆಲಸ, ಸೇರಿದ ಸಂಘಗಳ ಎಷ್ಟೋ ಭಾರ ಇಳಿಯುತ್ತದೆ. ಆದರೆ ಮಾರಾಟ ಸಂಘ, ಡೇರಿ, ಶಾಲೆಗಳು ಅದರ ಹೊರಗಿವೆ. ಜೊತೆಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ. ದತ್ತಾಂಶವನ್ನು ಸಂಸ್ಕರಿಸಲು ಬೇರೆಯವರಿಗೆ ಕೊಟ್ಟಿದ್ದರೂ ಜನರಿಂದ ಅದನ್ನು ಪಡೆದ ಸಂಸ್ಥೆಯೇ ಹೊಣೆ. ರಕ್ಷಣೆಯ ಕ್ರಮ ಕೈಗೊಳ್ಳದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಕೊಟ್ಟ ನಿರ್ದೇಶನದಂತೆ ಲಾಗ್‌ಗಳನ್ನು, ಅಂದರೆ ವ್ಯವಸ್ಥೆಯಲ್ಲಿ ಏನೇನು ನಡೆಯಿತೆಂಬ ದಾಖಲೆಗಳನ್ನು, 180 ದಿನ ಇಡಬೇಕು. ಆರ್‌ಡಿಎಸ್‌ನ ಪೋಸ್ಟ್‌ಗ್ರೆಸ್ ಡೇಟಾಬೇಸ್ ತಾನಾಗಿ ಇಡುವುದು 3 ದಿನದ ಲಾಗ್ ಮಾತ್ರ. ಉಳಿದ ದಿನಗಳದ್ದನ್ನು ಬೇರೆಡೆ ಉಳಿಸುವ ಏರ್ಪಾಡು ನಮ್ಮ ಪಾಲಿನದು.

ತಾಲ್ಲೂಕಿನಲ್ಲಿ ಇದನ್ನು ಬಲ್ಲವರು ಎಲ್ಲಿದ್ದಾರೆ ಎಂಬುದು ಕೊನೆಯ ಆಕ್ಷೇಪ. ಕಟ್ಟುವುದಕ್ಕೆ ಬಲ್ಲವರು ಬೇಕು, ದಾವಣಗೆರೆಯಿಂದಲೋ ಬೆಂಗಳೂರಿನಿಂದಲೋ ಅವರನ್ನು ಕರೆಸಬಹುದು. ಪರೀಕ್ಷಿಸುವುದಕ್ಕೆ ಬಲ್ಲವರು ಸಂಘದಲ್ಲೇ ಇದ್ದಾರೆ. ಮೂರು ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಹೊಸ ಡೇಟಾಬೇಸ್ ಎಬ್ಬಿಸಿಕೊಡಿ ಎಂದು ತಂತ್ರಾಂಶದವರನ್ನು ಕೇಳಬೇಕು. ಮೂಲಕ್ಕೆ ಅದರಿಂದ ಏನೂ ಆಗುವುದಿಲ್ಲ, ಆರ್‌ಡಿಎಸ್‌ನಲ್ಲಿ ಮರಳಿ ಎಬ್ಬಿಸಿದ್ದು ಯಾವಾಗಲೂ ಬೇರೆ ವಿಳಾಸದ ಹೊಸ ಡೇಟಾಬೇಸ್ ಆಗಿಯೇ ಬರುತ್ತದೆ. ಕಾರ್ಯದರ್ಶಿಯವರು ಹಿಂದಿನ ವಾರದ ಹತ್ತು ರಸೀದಿಗಳನ್ನು ಕಡತದಿಂದ ತೆಗೆದು, ಆ ಹೊಸ ಪ್ರತಿಯಲ್ಲಿ ಅವೇ ಹೆಸರು, ಅವೇ ಮೊತ್ತ, ಅವೇ ದಿನಾಂಕ ಇವೆಯೇ ಎಂದು ತಾಳೆ ನೋಡಬೇಕು. ಎಬ್ಬಿಸಲು ಎಷ್ಟು ಹೊತ್ತು ಹಿಡಿಯಿತು, ಏನು ಹೊಂದಲಿಲ್ಲ ಎಂಬುದನ್ನು ನಡಾವಳಿ ಪುಸ್ತಕದಲ್ಲಿ ಬರೆದು ಮುಂದಿನ ಮಂಡಳಿ ಸಭೆಯಲ್ಲಿ ಓದಬೇಕು. ಹೊಸ ಕಾರ್ಯದರ್ಶಿ ಬಂದ ದಿನ ಬೀರುವಿನ ಕೀಲಿ, ನಗದು ಪುಸ್ತಕದ ಜೊತೆಗೆ ಅಡ್ಮಿನ್ ಪಾಸ್‌ವರ್ಡಿನ ಆ ಲಕೋಟೆಯೂ ನಡಾವಳಿಯ ಆ ಪುಟಗಳೂ ಸಹಿಯಾಗಿ ಅವರ ಕೈಸೇರಬೇಕು.